ನೀರೂರುವ ಸರದಿ

ಒಬ್ಬರ ಬಾಯಲ್ಲಿ ನೀರೂರಿದರೆ ಅದೇ ಹೊತ್ತಿಗೆ ಇನ್ನೊಬ್ಬರ ಬಾಯಲ್ಲೂ ಊರಬೇಕು, ಯಂತ್ರದ ಕೆಲಸ ಇಷ್ಟೇ ಎಂದು ಡಾಕ್ಟರ್ ಜುಲೇಖಾ ನದಾಫ್ ವಿವರಿಸಿದಾಗ ಫಕೀರವ್ವ ಕೇಳಿದ ಮೊದಲ ಪ್ರಶ್ನೆ ಯಂತ್ರದ ಬಗ್ಗೆ ಆಗಿರಲಿಲ್ಲ.

"ಅಂದ್ರ ನನ್ನ ಎಂಜಲಾ ಅವರ ಬಾಯಿಗೆ ಹೋಗ್ತೈತೇನ್ರಿ?"

ಪಕ್ಕದ ಕುರ್ಚಿಯಲ್ಲಿದ್ದ ಅವಳ ಗಂಡ ಉಳವಪ್ಪ ನಗಲು ಹೋಗಿ ಕೆಮ್ಮಿದ. ತೊಡೆಯ ಮೇಲಿದ್ದ ಬಾಟಲಿ ಎತ್ತಿ ಒಂದು ಗುಟುಕು ನೀರು ಬಿಟ್ಟುಕೊಂಡ. ನೀರಿಲ್ಲದೆ ಅವನ ಬಾಯಿಂದ ಈಗ ಒಂದು ಮಾತೂ ಹೊರಡುತ್ತಿರಲಿಲ್ಲ.

"ಮದಿವ್ಯಾದಾಗಿಂದ ನಾ ಉಂಡ ಗಂಗಾಳದಾಗ ಉಂಡಾಳ್ರೀ ಡಾಕ್ಟರ್ ಬಾಯಾರ. ಈಗ ತಿರುಗಿ ಕೊಡು ಅಂದ್ರ ಅಂಜಾಕತ್ತಾಳ."

ಡಾಕ್ಟರು ನಕ್ಕರು. ಎಂಜಲು ಹೋಗುವುದಿಲ್ಲ, ಬರೀ ಸುದ್ದಿ ಹೋಗುತ್ತದೆ ಎಂದರು. ಅಡುಗೆ ಕಂಡರೆ, ಮೂಸಿದರೆ, ಸುಮ್ಮನೆ ನೆನೆಸಿಕೊಂಡರೂ ಸಾಕು, ತಲೆಯಿಂದ ಎರಡು ಕಡೆಗೆ ಸುದ್ದಿ ಹೊರಡುತ್ತದೆ. ಒಂದು ದವಡೆಗೆ. ಅಲ್ಲಿ ಕಿವಿಯ ಮುಂದೆ, ದವಡೆಯ ಅಡಿ, ನಾಲಿಗೆಯ ಕೆಳಗೆ ಇರುವ ಗ್ರಂಥಿಗಳು ಜೊಲ್ಲು ಒಸರುತ್ತವೆ. ಇನ್ನೊಂದು ಹೊಟ್ಟೆಗೆ. ತುತ್ತು ಇನ್ನೂ ತಟ್ಟೆಯಲ್ಲಿರುವಾಗಲೇ ಹೊಟ್ಟೆಯ ಒಳಗೋಡೆ ಹುಳಿರಸ ಬಿಡಲು ಶುರು ಮಾಡುತ್ತದೆ. ನೆಂಟರು ಬರುತ್ತಾರೆಂದು ಫೋನ್ ಬಂದ ಕೂಡಲೆ ಮನೆಯವರು ಕಸ ಗುಡಿಸಿ ಒಲೆ ಹಚ್ಚಿದ ಹಾಗೆ.

"ನಿಮ್ಮ ಯಜಮಾನರ ಫೋನಿನ ತಂತಿ ಸುಟ್ಟೈತ್ರಿ," ಎಂದರು ಡಾಕ್ಟರು. "ಅದಕ್ಕ ನಿಮ್ಮ ಫೋನಿಂದ ಅವರ ಮನಿಗೆ ಸುದ್ದಿ ಕಳಸೂಣು ಅಂತ."

ಉಳವಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಾಲು ನೋಡುವವನು. ಕಾಯಿ ಮುರಿದು ಮೂಸಿ, ಬೀಜವೊಂದನ್ನು ನಾಲಿಗೆಯ ತುದಿಗಿಟ್ಟು, ಇದು ಕರಿಮಣ್ಣಿನದೋ ಕೆಮ್ಮಣ್ಣಿನದೋ, ಒಣಗಿಸುವಾಗ ಮಂಜು ಬಿದ್ದಿತ್ತೋ ಇಲ್ಲವೋ ಎಂದು ಹೇಳುತ್ತಿದ್ದ. ಆ ನಾಲಿಗೆಯ ಪಕ್ಕದಲ್ಲೇ, ಎಡಗೆನ್ನೆಯಲ್ಲಿ, ಹಗಲೆಲ್ಲ ಒಂದು ಚಿಟಿಕೆ ತಂಬಾಕು ಇರುತ್ತಿತ್ತು. ಅದೇ ಜಾಗದಲ್ಲಿ ಹುಣ್ಣಾಯಿತು. ಕೊಯ್ದರು, ಕಿರಣ ಕೊಟ್ಟರು, ಜೀವ ಉಳಿಯಿತು. ಆದರೆ ಕಿರಣದ ಕಾವಿಗೆ ಬಾಯಿಯ ಬಾವಿ ಬತ್ತಿತು. ತುತ್ತು ಅಂಗುಳಕ್ಕೆ ಅಂಟಿಕೊಂಡು ಹುಣ್ಣು ಮಾಡುವುದು, ಗಂಟಲಲ್ಲಿ ನಿಂತು ಉಸಿರು ಕಟ್ಟಿಸುವುದು. ಕೊನೆಗೆ ಹೊಟ್ಟೆಗೆ ತೂತು ಮಾಡಿ ನಳಿಗೆ ಕೂರಿಸಿದರು. ದಿನಾ ಪಿಚಕಾರಿಯಿಂದ ಅದರೊಳಗೆ ತೆಳು ಗಂಜಿ, ಸೋಸಿದ ಬೇಳೆಕಟ್ಟು. ಹೇಳದೆ ಕೇಳದೆ ಬಂದ ನೆಂಟನ ಹಾಗೆ ಆ ಗಂಜಿ ಹೊಟ್ಟೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ಹೊಟ್ಟೆಗೆ ಅದು ಬಂದದ್ದೇ ತಡವಾಗಿ ತಿಳಿಯುತ್ತಿತ್ತು.

ಗ್ರಂಥಿಗಳು ಪೂರ್ತಿ ಸತ್ತಿಲ್ಲ, ಮಲಗಿವೆ ಎನ್ನುವುದು ಜುಲೇಖಾ ಅವರ ನಂಬಿಕೆ. ಬರೀ ಕರೆಂಟು ಕೊಟ್ಟು ಎಬ್ಬಿಸಲು ನೋಡಿದ್ದರು. ಗ್ರಂಥಿಗಳು ಎರಡು ದಿನ ಕೇಳಿದಂತೆ ಮಾಡಿ ಮತ್ತೆ ಮಗ್ಗುಲಾದವು. ಯಂತ್ರದ ಒಂದೇ ರಾಗದ ಕರೆಗೆ ಅವು ಏಳುವುದಿಲ್ಲ, ನಿಜವಾದ ಮನುಷ್ಯನ ನಿಜವಾದ ಹಸಿವು ಏರುತ್ತ ಇಳಿಯುತ್ತ ಬಂದು ಬಾಗಿಲು ತಟ್ಟಬೇಕು. ಅದಕ್ಕೇ ಈ ಹೊಸ ಯಂತ್ರ. ಹಸಿಯುವವರ ಗದ್ದದ ಕೆಳಗೊಂದು ಪಟ್ಟಿ, ಹೊಟ್ಟೆಯ ಮೇಲೊಂದು ಬಿಲ್ಲೆ. ಪಡೆಯುವವರ ದವಡೆಯೊಳಗೆ ಅವರೆಕಾಳಿನಷ್ಟು ಗುಂಡಿ, ಹೊಟ್ಟೆಗೂ ಅದೇ ಸುದ್ದಿ ಮುಟ್ಟಿಸುತ್ತದೆ. ಕಾಗದಪತ್ರದಲ್ಲಿ ಅದರ ಹೆಸರು ರಸವಾಹಿ. ಹುಬ್ಬಳ್ಳಿಯ ಆ ಆಸ್ಪತ್ರೆಯ ಆಯಾಗಳ ಬಾಯಲ್ಲಿ ಜೊಲ್ಲುಪಟ್ಟಿ.

ಗುಂಡಿಯನ್ನು ಕರೆಂಟು ಕೊಡಲೆಂದು ಸಂಕ್ರಾಂತಿ ಕಳೆದ ಮೇಲೆಯೇ ಕೂರಿಸಿದ್ದರು. ಯುಗಾದಿಯೊಳಗೆ ಗ್ರಂಥಿ ಏಳದಿದ್ದರೆ ತೆಗೆಯಲೇಬೇಕು, ಇಲ್ಲದಿದ್ದರೆ ಕೀವಾಗುತ್ತದೆ. ಒಮ್ಮೆ ತೆಗೆದರೆ ಮತ್ತೆ ಕೂರಿಸಲು ಜಾಗವಿಲ್ಲ. ಆಮೇಲೆ ಉಳವಪ್ಪನಿಗೆ ನಳಿಗೆಯೇ ಗತಿ.

"ಅಷ್ಟ ಹೌದಿಲ್ರಿ?" ಎಂದಳು ಫಕೀರವ್ವ. "ಉಣ್ಣೂದು ತಿನ್ನೂದು ನೆನಸಬೇಕು. ನಾ ಖಾನಾವಳಿ ನಡಸಾಕಿ. ನನಗ ಮತ್ಯಾತರದ ಕೆಲಸ ಐತಿ?"

*

ಗಾಜಿನ ಆಚೆ ಡಾಕ್ಟರು, ಎದುರಿಗೆ ಪರದೆ. ಈಚೆ ಫಕೀರವ್ವ, ಗದ್ದಕ್ಕೆ ಪಟ್ಟಿ ಬಿಗಿದುಕೊಂಡು, ಹಲ್ಲುನೋವಿನವಳ ಹಾಗೆ ಕೂತಿದ್ದಳು. ತಳ್ಳುಗಾಡಿಯಲ್ಲಿ ಒಂದೊಂದಾಗಿ ತಟ್ಟೆ ಬಂದವು. ಮೊದಲು ಎಣ್ಣೆಗಾಯಿ.

"ಏನನಸ್ತೈತ್ರಿ?" ಧ್ವನಿವರ್ಧಕದಲ್ಲಿ ಡಾಕ್ಟರು ಕೇಳಿದರು.

"ಬದನಿಕಾಯಿ ಬಲತಾವ್ರಿ. ಯಾವ ಅಂಗಡ್ಯಾಗ ತಂದ್ರಿ?"

ಪರದೆಯ ಮೇಲಿನ ಗೆರೆ ಮಲಗಿದ ಹಾವಿನ ಹಾಗೆ ಅಲ್ಲಾಡಲಿಲ್ಲ. ಮಿರ್ಚಿ ಭಜಿ ಬಂತು. ಕಡಲೆಹಿಟ್ಟಿಗೆ ಸೋಡಾ ಹೆಚ್ಚಾಯಿತು ಎಂದಳು. ತುಪ್ಪ ಸುರಿದ ಹೋಳಿಗೆ ಬಂತು. ಎಷ್ಟು ಮಂದಿಗೆ ಮಾಡಿಸಿದ್ದೀರಿ, ಹೂರಣ ಮಿಕ್ಕರೆ ಏನು ಮಾಡುತ್ತೀರಿ ಎಂದು ವಿಚಾರಿಸಿದಳು. ಕೊನೆಗೆ ಹಸಿ ಹುಣಸೆಕಾಯಿ, ಉಪ್ಪು, ಖಾರ. ಗೆರೆ ಒಂದಿಷ್ಟು ಮೈಮುರಿದು ಮತ್ತೆ ಮಲಗಿತು.

"ಅಡಗಿ ನೋಡಿದ್ರ ನನಗ ಲೆಕ್ಕ ಬರ್ತೈತ್ರಿ, ಹಸಿವಿ ಬರಂಗಿಲ್ಲ," ಎಂದಳು ಫಕೀರವ್ವ, ತಪ್ಪು ಮಾಡಿದವಳ ದನಿಯಲ್ಲಿ.

ಆಚೆ ಕೋಣೆಯಲ್ಲಿ ಬಾಯಿ ಅರ್ಧ ತೆರೆದುಕೊಂಡು ಕಾದಿದ್ದ ಉಳವಪ್ಪ ಬಾಯಿ ಮುಚ್ಚಿಕೊಂಡ.

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ರೇಣವ್ವನನ್ನು ಕರೆತರೋಣ ಎಂದು ಸೂಚಿಸಿದವಳು ಫಕೀರವ್ವನೇ. ರೇಣವ್ವನ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಶೇಂಗಾ ಹುರಿದರೆ ನಾಲ್ಕು ಕಾಳು, ಬೆಲ್ಲ ಕುಟ್ಟಿದರೆ ಒಂದು ಚೂರು. ಪಟ್ಟಿ ಕಟ್ಟಿ ಕೂರಿಸಿದ್ದೇ ತಡ, ತಳ್ಳುಗಾಡಿಯ ಗಾಲಿಯ ಸಪ್ಪಳಕ್ಕೇ ಗೆರೆ ಎದ್ದು ಕುಣಿಯಿತು. ಡಾಕ್ಟರು ಖುಷಿಯಾದರು. ಮನೆಯಲ್ಲೂ ಒಂದು ದಿನ ನೋಡೋಣ ಎಂದು, ಪಟ್ಟಿಗೂ ಗುಂಡಿಗೂ ಸಂಪರ್ಕ ತೆರೆದು ಕಳಿಸಿದರು.

ಮಧ್ಯಾಹ್ನದೊಳಗೆ ಉಳವಪ್ಪ ಹೊಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತ. ಬಾಯಿ ಮಾತ್ರ ಮರಳುಗಾಡು. ಹೊಟ್ಟೆ ಒಲೆಯಾಗಿತ್ತು.

"ಅಕಿ ಬಾಯಿ ಯಾರರ ಮುಚ್ಚಸ್ರಿ," ಎಂದ, ಒಂದು ಗುಟುಕು ನೀರು ಕುಡಿದು. "ಒಳಗ ಬೆಂಕಿ ಬಿದ್ದೈತಿ."

"ನಾ ಏನ್ ತಿಂದೇನ್ರೀ ಯಪ್ಪಾ?" ರೇಣವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬರೇ ನೆನಸ್ಕೊಂಡೆ."

"ನೆನಸ್ಕೋಬ್ಯಾಡ ಹಂಗಾರ."

"ಏನ್ ನೆನಸ್ಕೋಬ್ಯಾಡ ಅಂತೀರಿ ಹೇಳ್ರಿ. ಗಿರಮಿಟ್ಟಾ?" ಎಂದಳು ರೇಣವ್ವ. ಉಳವಪ್ಪ ಮತ್ತೊಮ್ಮೆ ಹೊಟ್ಟೆ ಹಿಡಿದುಕೊಂಡ.

ಫಕೀರವ್ವ ಓಡಿ ಬಂದು ರೇಣವ್ವನ ಗದ್ದದ ಪಟ್ಟಿ ಬಿಚ್ಚಿ ಹಾಕಿದಳು. ಆಮೇಲೆ ಇಬ್ಬರು ಹೆಂಗಸರೂ ಒಲೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಡಾಕ್ಟರು ಫೋನಿನಲ್ಲಿ ಬಿಡಿಸಿ ಹೇಳಿದರು. ಹೊಟ್ಟೆಗೆ ಏನೂ ಆಗಿಲ್ಲ, ಅದು ಗಟ್ಟಿಯಾಗಿದೆ, ಯಾರ ಸುದ್ದಿಯನ್ನಾದರೂ ನಂಬಿ ಹುಳಿರಸ ಬಿಡುತ್ತದೆ. ಒಳಗೆ ಅನ್ನವಿಲ್ಲದಿದ್ದರೆ ಆ ರಸ ಹೊಟ್ಟೆಯನ್ನೇ ಉರಿಸುತ್ತದೆ. ದವಡೆಯ ಗ್ರಂಥಿಗಳು ಹಾಗಲ್ಲ, ಕಿರಣಕ್ಕೆ ಅರ್ಧ ಬೆಂದಂಥವು. ರೇಣವ್ವನ ಹಸಿವು ಹನಿ ಹನಿ ಬರುತ್ತದೆ, ಬಂದ ಹಾಗೆ ಒಂದು ಕಾಳು ತಿಂದು ಆರಿಸಿಕೊಳ್ಳುತ್ತಾಳೆ. ಮಲಗಿದ ಗ್ರಂಥಿಯನ್ನು ಎಬ್ಬಿಸಲು ಕಾಲುವೆ ತುಂಬಿ ಬರುವಂಥ ಹಸಿವು ಬೇಕು.

"ಅಂಥ ಹಸಿವಿ ಯಾರಿಗಿರ್ತೈತ್ರಿ?" ಎಂದಳು ಫಕೀರವ್ವ.

"ಅದನ್ನ ಹುಡುಕೂಣು. ಸಂಪರ್ಕ ಬಂದ್ ಮಾಡಿರ್ತೀನಿ. ನೀವು ಪಟ್ಟಿ ಹಾಕ್ಕೊಂಡ ಕೆಲಸ ಮಾಡ್ರಿ. ಮುಂಜಾನಿಂದ ಸಂಜೀ ತನಕ ಬಿಚ್ಚಬ್ಯಾಡ್ರಿ."

*

ಫಕೀರವ್ವನ ಖಾನಾವಳಿ ಪೇಟೆಯ ಹಿಂಬದಿಯ ಗಲ್ಲಿಯಲ್ಲಿತ್ತು. ಹಮಾಲರು, ಲಾರಿ ಚಾಲಕರು, ದಲಾಲಿ ಅಂಗಡಿಗಳ ಗುಮಾಸ್ತರು ಅವಳ ಗಿರಾಕಿಗಳು. ಮೆಣಸಿನಕಾಯಿಯ ಘಾಟು ಮೈಗೆಲ್ಲ ಮೆತ್ತಿಕೊಂಡು ಬರುತ್ತಿದ್ದ ಅವರು ಸಾಲಾಗಿ ನೆಲಕ್ಕೆ ಕೂತು ಉಣ್ಣುತ್ತಿದ್ದರು. ಯಾರಿಗೆ ಇನ್ನೊಂದು ರೊಟ್ಟಿ ಬೇಕು, ಯಾರು ಬೇಕೆಂದು ಕೇಳಲು ನಾಚುತ್ತಾರೆ, ಯಾರು ಬೇಡವೆಂದು ಕೈ ಅಡ್ಡ ಹಿಡಿದರೂ ಹಾಕಬೇಕು, ಇದೆಲ್ಲ ಅವಳಿಗೆ ಬೆನ್ನು ತಿರುಗಿಸಿ ನಿಂತರೂ ಗೊತ್ತಾಗುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಗಂಡನದು. ಅಷ್ಟರಲ್ಲಿ ರೇಣವ್ವನದೂ ಆಗುತ್ತಿತ್ತು. ಆಮೇಲೆ ತಳದಲ್ಲಿ ಏನಿದ್ದರೆ ಅದು ತನ್ನದು. ಅವಳ ಅತ್ತೆ ಹಾಗೇ ಉಂಡಿದ್ದಳು, ಅವಳ ಅವ್ವನೂ ಹಾಗೇ ಉಂಡಿದ್ದಳು. ಇದರಲ್ಲಿ ದುಃಖವೇನೂ ಇದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ನಾಲ್ಕು ಮಂದಿ ತೇಗಿ ಎದ್ದುಹೋದ ಮೇಲೆ ಕೂತು ಉಣ್ಣುವ ತುತ್ತಿನ ರುಚಿಯೇ ಬೇರೆ.

ವಾರ ಕಳೆದ ಮೇಲೆ ಡಾಕ್ಟರು ಇಬ್ಬರನ್ನೂ ಕರೆಸಿದರು. ಗಾಜಿನ ಕೋಣೆಯ ಪರದೆಯ ಮೇಲೆ ಫಕೀರವ್ವನ ದಿನಗಳು ಒಂದರ ಕೆಳಗೊಂದು ಹರಡಿದ್ದವು. ಬೆಳಿಗ್ಗೆಯೆಲ್ಲ ಬಯಲು. ಪಲ್ಯ ಕುದಿಯುವಾಗ ಬಯಲು. ಸಾಲು ಸಾಲು ಜನ ಉಣ್ಣುವಾಗಲೂ ಬಯಲು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಾತ್ರ, ದಿನವೂ, ಒಂದು ಗುಡ್ಡ.

"ಇಷ್ಟ ಎತ್ತರದ್ದು ನಾ ಯಾರ ಹತ್ರಾನೂ ನೋಡಿಲ್ರಿ," ಎಂದರು ಜುಲೇಖಾ. "ಈ ಹೊತ್ತಿನ್ಯಾಗ ಏನ್ ಮಾಡ್ತೀರಿ ನೀವು?"

ಫಕೀರವ್ವ ನೆನಪಿಸಿಕೊಂಡಳು. "ಏನೂ ಇಲ್ರಿ. ಇವರಿಗೆ ಗಂಜಿ ಬಿಟ್ಟು, ಆ ಪಿಚಕಾರಿ ತೊಳದು ಗ್ವಾಡಿ ಮೊಳಿಗೆ ಸಿಗಸ್ತೀನಿ. ಆಮ್ಯಾಗ ಕೈ ತೊಳಕೊಂಡು ಕುಂದರ್ತೀನಿ."

"ಕುಂದ್ರೂಕ್ಕಿಂತ ಮೊದಲ ಬಂದೈತಿ ಇದು. ಸಿಗಸೂ ಹೊತ್ತಿನ್ಯಾಗ." ಡಾಕ್ಟರು ಪರದೆಯ ಮೇಲೆ ಆ ಹೊತ್ತಿಗೆ ಬೆರಳಿಟ್ಟರು. ಆಮೇಲೆ ಮುಖ ಅರಳಿತು. "ರಂಜಾನದಾಗ ನನಗೂ ಹಿಂಗ ಆಗ್ತೈತ್ರಿ. ಹಗಲೆಲ್ಲ ಅಡಗಿಮನ್ಯಾಗ ಸಮೋಸಾ ಕರದ್ರೂ ಬಾಯಾಗ ಏನೂ ಇರೂದಿಲ್ಲ. ಸಂಜೀಕ ಅಜಾನಿನ ಮೊದಲನೇ ದನಿ ಕಿವಿಗೆ ಬೀಳ್ತೈತಿ ನೋಡ್ರಿ, ಖರ್ಜೂರ ಇನ್ನೂ ಕೈಯಾಗ ಇರ್ತೈತಿ, ಬಾಯಿ ತುಂಬಿ ಬಿಡ್ತೈತಿ. ನಿಮ್ಮ ಅಜಾನ್ ಆ ಪಿಚಕಾರಿ."

"ಇವರು ಉಂಡ್ರು ಅಂತ ಆದ ಮ್ಯಾಲೆ ನನ್ನ ಹಸಿವಿಗೆ ಬಾಗಿಲ ತೆಗೀತೈತಿ ಅನ್ರಿ."

"ಹಂಗ."

ಮೂವರೂ ಖುಷಿಯಿಂದ ಒಬ್ಬರ ಮುಖ ಒಬ್ಬರು ನೋಡಿದರು. ಸಂಪರ್ಕ ತೆರೆಯಲು ಡಾಕ್ಟರು ಅಲ್ಲೇ ಒಪ್ಪಿದರು. ಮರುದಿನ ಖಾನಾವಳಿಯಲ್ಲಿ ಫಕೀರವ್ವ ಗಂಡನಿಗೆ ಗಂಜಿ ಬಿಟ್ಟಳು, ಪಿಚಕಾರಿ ತೊಳೆದಳು, ಮೊಳೆಗೆ ಸಿಕ್ಕಿಸಿದಳು. ಬಾಯಲ್ಲಿ ನೀರೂರಿತು. ಗೋಡೆಗೊರಗಿ ಕೂತಿದ್ದ ಉಳವಪ್ಪ ತಟ್ಟನೆ ನೆಟ್ಟಗಾದ. ಕಿವಿಯ ಮುಂದೆ ಇರುವೆ ಹರಿದ ಹಾಗಾಯಿತು ಎಂದು ಕೈ ಮಾಡಿ ತೋರಿಸಿದ. ನಾಲಿಗೆಯನ್ನು ಹಲ್ಲುಗಳ ಸುತ್ತ ಆಡಿಸಿದ. ಎಡಗಡೆ, ಕೆಳಗೆ, ಒಂದು ಹನಿ ಒದ್ದೆ.

"ಬಂದೈತಿ," ಎಂದ. ಮೊದಲ ಸಲ ನೀರು ಕುಡಿಯದೆ ಆಡಿದ ಮಾತು ಅದು.

ರೇಣವ್ವ ಓಡಿಹೋಗಿ ಸಾರಿನಲ್ಲಿ ನೆನೆಸಿದ ರೊಟ್ಟಿಯ ಚೂರು ತಂದಳು. ಅವನು ಬಾಯಿಗಿಟ್ಟುಕೊಂಡ. ಆದರೆ ಹೊಟ್ಟೆ ಆಗಲೇ ಗಂಜಿಯಿಂದ ತುಂಬಿತ್ತು, ಇನ್ನೊಂದು ತುತ್ತಿಗೆ ಜಾಗವಿರಲಿಲ್ಲ. ತಡೆದುಕೊಂಡು ನೋಡಿದ, ಆಗಲಿಲ್ಲ. ಬಚ್ಚಲಿಗೆ ಹೋಗಿ ಕಕ್ಕಿ ಬಂದ.

ಸಿಕ್ಕು ಇಷ್ಟೇ ಇತ್ತು, ಬಿಡಿಸಲು ಮಾತ್ರ ತುದಿ ಸಿಗಲಿಲ್ಲ. ಅವಳಿಗೆ ಹಸಿವಾದರೆ ಅವನಿಗೆ ಉಣ್ಣಲು ಆಗುತ್ತದೆ. ಅವನು ಉಂಡರೆ ಮಾತ್ರ ಅವಳಿಗೆ ಹಸಿವಾಗುತ್ತದೆ.

ಅರ್ಧ ಗಂಜಿ ಬಿಟ್ಟು ನೋಡಿದರು. ಅರ್ಧ ಹೊಟ್ಟೆಗೆ ಅವಳ ದವಡೆ ಒಪ್ಪಲಿಲ್ಲ. ಬರೀ ಪಿಚಕಾರಿ ತೊಳೆದು ಸಿಕ್ಕಿಸಿದರೆ ಮೈ ಮೋಸ ಹೋಗಬಹುದು ಎಂದರು ಡಾಕ್ಟರು. ಉಳವಪ್ಪ ಉಣ್ಣದೆಯೇ ತೇಗುವ ನಾಟಕವನ್ನೂ ಮಾಡಿದ. ಪೇಟೆಯಲ್ಲಿ ಹೆಸರಾದ ತೇಗು ಅದು, ಒಂದು ಕಾಲಕ್ಕೆ ಮೂರನೇ ಅಂಗಡಿಗೆ ಕೇಳುತ್ತಿತ್ತು.

"ತೇಗಿದ್ರ ಆತೇನ್ರಿ? ಹೊಟ್ಟಿ ಬೆನ್ನಿಗೆ ಹತ್ತೇತಿ, ಕಾಣವಲ್ತಾ ನನಗ?" ಎಂದು ಫಕೀರವ್ವ ಬಯ್ದಳು. ಗೆರೆ ಮಿಸುಕಲಿಲ್ಲ.

ಕೊನೆಗೆ ಅವಳೇ ಮೊದಲು ಉಂಡುಬಿಡಲಿ ಎಂದಾಯಿತು. ರೇಣವ್ವ ಗಂಗಾಳ ಇಟ್ಟಳು. ಗಿರಾಕಿಗಳು ಹೊರಗೆ ಕಾಯುತ್ತಿದ್ದರು, ಗಂಡ ಎದುರಿಗೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದ. ಫಕೀರವ್ವ ಕಣ್ಣುಮುಚ್ಚಿ ಒಂದು ತುತ್ತು ಬಾಯಿಗಿಟ್ಟು ಅಗಿದಳು. ರೊಟ್ಟಿ ಹೊಟ್ಟಿನ ಹಾಗೆ ಬಾಯಿತುಂಬ ಹರಡಿತು. ನುಂಗಲು ಹೋದರೆ ಅಂಗುಳಕ್ಕೆ ಅಂಟಿತು, ಗಂಟಲಲ್ಲಿ ನಿಂತಿತು. ತಡಕಾಡಿ ತಂಬಿಗೆ ಎತ್ತಿ ನೀರು ಕುಡಿದು, ಎದೆ ತಿಕ್ಕಿಕೊಂಡು, ಗಂಡನ ಕಡೆ ನೋಡಿದಳು.

"ದಿನಾ ಹಿಂಗ ಆಗ್ತಿತ್ತೇನ್ರಿ ನಿಮಗ?"

ಉಳವಪ್ಪ ಹೌದೆಂದು ತಲೆಯಾಡಿಸಿದ.

"ನಾ ಬರೇ ಉಣ್ರಿ ಉಣ್ರಿ ಅಂತಿದ್ದೆ," ಎಂದಳು ಫಕೀರವ್ವ. ಗಂಗಾಳವನ್ನು ದೂರ ಸರಿಸಿದಳು.

*

ಯುಗಾದಿ ಹತ್ತಿರವಾಯಿತು. ಬೇವು ಚಿಗುರಿತು. ಗುಂಡಿ ತೆಗೆಯುವ ತಾರೀಖು ನಿಗದಿ ಮಾಡಲು ಹೋದಾಗ ಡಾಕ್ಟರು ಪರದೆ ಹಾಕಲಿಲ್ಲ. ಚಹಾ ತರಿಸಿ, ಮಾತಿಗೆ ಕೂತರು.

"ಫಕೀರವ್ವಾರ, ನಿಮಗ ಬ್ಯಾರೆಯವರು ಬಡಿಸಿ, ನೀವು ಕೂತು ಉಂಡದ್ದು ಯಾವಾಗ?"

ಫಕೀರವ್ವ ಯೋಚಿಸಿದಳು. ಮದುವೆ ಮುಂಜಿಗಳಿಗೆ ಹೋದರೂ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೇ ಹೋಗುತ್ತಿದ್ದಳು. ಕರೆದವರೂ ಅದಕ್ಕೇ ಕರೆಯುತ್ತಿದ್ದರು. "ಬಾಣಂತ್ಯಾಗಿದ್ದಾಗ ನಮ್ಮವ್ವ ಬಡಿಸಿದ್ಲು ನೋಡ್ರಿ," ಎಂದಳು. ಆ ಮಗಳಿಗೇ ಈಗ ಎರಡು ಮಕ್ಕಳು.

"ತಾ ಮಾಡಿದ ಅಡಗಿ ವಾಸನಿ ಮೂಗಿಗೆ ಹಳೇದಾಗಿರ್ತೈತಿ. ಅದು ಬಾಯಿಗೆ ಸುದ್ದಿ ಮುಟ್ಟಸೂದಿಲ್ಲ," ಎಂದರು ಡಾಕ್ಟರು. "ಮತ್ತ ನಿಮ್ಮ ಮೈ ಕಾಯೂದು ಯಜಮಾನರ ಊಟಾನೋ, ಇಲ್ಲಾ ಇನ್ನ ನನ್ನ ಕೈಯಾಗ ಕೆಲಸ ಉಳದಿಲ್ಲ ಅನ್ನೂದನ್ನೋ, ಅದು ನನಗೂ ತಿಳೀವಲ್ದು. ಎರಡನೇದಾಗಿದ್ರ ಒಂದು ದಾರಿ ಐತಿ, ನೀವು ಏನೂ ಮಾಡದ, ಏನೂ ಹೇಳದ ಕೂತು ಉಣ್ಣಬೇಕು."

ಉಳವಪ್ಪ ಬಾಟಲಿ ಎತ್ತಿ ನೀರು ಕುಡಿದ. ಬಾಟಲಿಯನ್ನು ಕೆಳಗಿಟ್ಟ.

"ನಾ ಬಡಸ್ತೀನ್ರಿ."

"ಯಾರಿಗೆ?" ಫಕೀರವ್ವ ತಿರುಗಿದಳು.

"ಎಲ್ಲಾರಿಗೂ. ನಿನಗ ಮೊದಲು."

"ಉಪ್ಪು ಗಂಗಾಳದಾಗ ಯಾವ ಕಡೆ ಇಡಬೇಕು ಅನ್ನೂದರ ಗೊತ್ತೈತೇನು ನಿಮಗ?"

"ನೀ ಹೇಳಬ್ಯಾಡ. ಹೇಳಿದ್ರ ಕೆಲಸ ಕೆಡ್ತೈತಿ ಅಂತ ಡಾಕ್ಟರ್ ಬಾಯಾರು ಈಗಷ್ಟ ಹೇಳಿದ್ರು," ಎಂದ ಉಳವಪ್ಪ.

ಮರುದಿನದಿಂದ ಖಾನಾವಳಿಯಲ್ಲಿ ನಗೆಯ ಹಬ್ಬ. ಉಳವಪ್ಪ ಟವಲನ್ನು ಸೊಂಟಕ್ಕೆ ಬಿಗಿದು, ಬುಟ್ಟಿ ಹಿಡಿದು ಸಾಲಿನ ಮುಂದೆ ಬಂದರೆ ಹಮಾಲರು ಊಟ ಬಿಟ್ಟು ಅವನನ್ನೇ ನೋಡುತ್ತಿದ್ದರು. ಸಾಲಿನ ಮೊದಲ ಜಾಗದಲ್ಲಿ, ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು, ಫಕೀರವ್ವ ಕೂತಿರುತ್ತಿದ್ದಳು. ಅವನು ಪಲ್ಯದ ಮೇಲೇ ಮೊಸರು ಸುರಿದ. ಒಬ್ಬನಿಗೆ ನಾಲ್ಕು ರೊಟ್ಟಿ ಹಾಕಿ ಪಕ್ಕದವನನ್ನು ಮರೆತ.

"ಉಳವಪ್ಪಣ್ಣ, ಇದು ಮೆಣಸಿನಕಾಯಿ ಚೀಲ ಅಲ್ಲೋ, ಗಂಗಾಳ. ಮ್ಯಾಲಿಂದ ಒಗೀಬ್ಯಾಡ," ಎನ್ನುತ್ತಿದ್ದ ಹಮಾಲ ದ್ಯಾಮಣ್ಣ. ಇಪ್ಪತ್ತು ರೊಟ್ಟಿ ಜೀರ್ಣಿಸಿಕೊಳ್ಳುವ ಆಸಾಮಿ, ಅಷ್ಟೇ ದೊಡ್ಡ ಬಾಯಿ.

ಫಕೀರವ್ವ ತಡೆಯಲಾರದೆ ಅರ್ಧ ಏಳುತ್ತಿದ್ದಳು. ರೇಣವ್ವ ಹಿಂದಿನಿಂದ ಹೆಗಲು ಒತ್ತಿ ಕೂರಿಸುತ್ತಿದ್ದಳು. ಗಂಡನ ಕೈಯನ್ನು, ಬುಟ್ಟಿಯನ್ನು, ಸಾಲಿನ ಕೊನೆಯವನ ಖಾಲಿ ಗಂಗಾಳವನ್ನು ಕಣ್ಣಲ್ಲೇ ಅಳೆಯುತ್ತ ಅವಳ ಹೊತ್ತು ಹೋಗುತ್ತಿತ್ತು. ಕಟ್ಟೆಯ ಮೇಲೆ ಇಟ್ಟ ಫೋನಿನಲ್ಲಿ ಡಾಕ್ಟರು ಇಣುಕಿ, ಇನ್ನೂ ಬಯಲೇ ಎಂದು ಹೇಳಿ ಹೋಗುತ್ತಿದ್ದರು.

ದಿನ ಕಳೆದ ಹಾಗೆ ಉಳವಪ್ಪನ ಕೈ ಪಳಗಿತು. ಬಗ್ಗಿ ಬಡಿಸುವುದು ಕಲಿತ. ಯಾರು ನಾಚುತ್ತಾರೆ ಎಂಬುದನ್ನೂ ಕಲಿತ. ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ ಬೆಳಿಗ್ಗೆಯೇ ಪೇಟೆಗೆ ಹೋದವನು ಟವಲಿನಲ್ಲಿ ಏನೋ ಕಟ್ಟಿಕೊಂಡು ಬಂದ. ಹಿತ್ತಲಲ್ಲಿ ಒರಳಿನ ಮುಂದೆ ಕೂತು, ಯಾರೂ ಹತ್ತಿರ ಬರಬಾರದೆಂದ.

ಹಸಿ ಕೆಂಪು ಮೆಣಸಿನಕಾಯಿಯಿಂದ ಕೆಂಪಿಂಡಿ ರುಬ್ಬುತ್ತಿದ್ದ. ಅವನ ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲ. ಆದರೆ ಮೂಗಿತ್ತು, ಕಣ್ಣಿತ್ತು, ಜೀವಮಾನವೆಲ್ಲ ಕಾಯಿ ಮುರಿದ ಬೆರಳುಗಳಿದ್ದವು. ಘಾಟು ಕಡಿಮೆ, ಬಣ್ಣ ಹೆಚ್ಚು, ತುದಿಗೆ ಸಣ್ಣ ಸಿಹಿ ಇರುವ ಕಾಯಿಯನ್ನೇ ಆರಿಸಿ ತಂದಿದ್ದ. ಬೆಳ್ಳುಳ್ಳಿ, ಜೀರಿಗೆ, ಮೆಂತ್ಯ, ಹುಣಸೆ, ಬೆಲ್ಲ. ಮೇಲೆ ಕಾಯಿಸಿದ ಎಣ್ಣೆಯ ಒಗ್ಗರಣೆ ಚುರ್ ಎಂದಾಗ ಒಳಗಿದ್ದ ಫಕೀರವ್ವ ತಲೆ ಎತ್ತಿದಳು.

"ಏನ್ ಮಾಡಾಕತ್ತಾರವಾ ಅಲ್ಲೆ?"

"ನೀ ಕುಂದ್ರಬೇ ಯಕ್ಕಾ," ಎಂದಳು ರೇಣವ್ವ.

ಸಾಲು ಕೂತಿತು. ಕಟ್ಟೆಯ ಮೇಲೆ ಫೋನು. ಉಳವಪ್ಪ ಬಂದು ಹೆಂಡತಿಯ ಮುಂದೆ ಗಂಗಾಳ ಇಟ್ಟ. ಬಿಸಿ ರೊಟ್ಟಿ, ಅದರ ಬದಿಗೆ ಒಂದು ಉಂಡೆ ಕೆಂಪಿಂಡಿ, ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ. ಇಟ್ಟವನು ತಿರುಗಿ ಬುಟ್ಟಿ ಎತ್ತಿಕೊಂಡು ಸಾಲಿನ ಉದ್ದಕ್ಕೂ ನಡೆದ. ಒಬ್ಬರನ್ನೂ ಬಿಡಲಿಲ್ಲ, ಒಂದು ಹನಿ ಚೆಲ್ಲಲಿಲ್ಲ. ಕೊನೆಯಲ್ಲಿ ಕೂತಿದ್ದ ಹೊಸ ಚಾಲಕ ಬೇಡವೆಂದು ಕೈ ಅಡ್ಡ ಹಿಡಿದ. ಉಳವಪ್ಪ ಒಂದು ಗಳಿಗೆ ಅವನ ಮುಖ ನೋಡಿ ಹಾಕಿಯೇಬಿಟ್ಟ. ಚಾಲಕ ನಕ್ಕು ತಲೆ ತಗ್ಗಿಸಿ ಉಣ್ಣತೊಡಗಿದ.

ಫಕೀರವ್ವ ಅದನ್ನು ನೋಡಿದಳು. ಇನ್ನು ನೋಡುವಂಥದ್ದೇನೂ ಉಳಿದಿರಲಿಲ್ಲ. ಕಣ್ಣು ತಾನಾಗಿ ಗಂಗಾಳಕ್ಕೆ ಇಳಿಯಿತು. ಕೆಂಪಿಂಡಿಯ ಗುಳಿಯಲ್ಲಿ ಎಣ್ಣೆ ಕೆಂಪಗೆ ನಿಂತಿತ್ತು. ಬೆಳ್ಳುಳ್ಳಿ ಗೊತ್ತಾಯಿತು, ಹುಣಸೆ ಗೊತ್ತಾಯಿತು. ಬೆಲ್ಲದ ಹಿಂದೆ ಇನ್ನೊಂದು ಏನೋ ಇತ್ತು. ಏನು ಹಾಕಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ಒಂದು ಅಡುಗೆಯೊಳಗೆ ಏನಿದೆ ಎಂದು ತಿಳಿಯದೆ ಎಷ್ಟು ವರ್ಷವಾಗಿತ್ತೋ. ಕಿವಿಯ ಮುಂದೆ ಜುಮ್ಮೆಂದಿತು. ನಾಲಿಗೆಯ ಕೆಳಗಿನಿಂದ, ಕೆನ್ನೆಗಳ ಒಳಗಿನಿಂದ ನೀರು ಒಮ್ಮೆಲೆ ನುಗ್ಗಿತು. ಅವಳು ತುಟಿ ಬಿಗಿಹಿಡಿದು ನುಂಗಿದಳು. ಮತ್ತೆ ತುಂಬಿತು.

"ದ್ಯಾಮಣ್ಣ, ನಿನಗ ಇನ್ನೊಂ..." ಎಂದು ಕೇಳುತ್ತಿದ್ದ ಉಳವಪ್ಪ ಅಲ್ಲೇ ನಿಂತ. ಅವನ ತುಟಿಯ ಅಂಚಿನಿಂದ ಒಂದು ಎಳೆ ಇಳಿದು, ಗದ್ದದಿಂದ ತೂಗಿ, ಬುಟ್ಟಿಯ ಹೊರಗೆ ಬಿತ್ತು. ಮಗುವಿನ ಜೊಲ್ಲಿನ ಹಾಗೆ. ಅವನು ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿಕೊಂಡ.

ಫೋನಿನೊಳಗೆ ಏನೋ ಬಿದ್ದ ಸದ್ದು. "ನಿಮ್ಮ ಗೆರಿ, ಯಜಮಾನರ ಗೆರಿ, ಎರಡೂ ಎದ್ದಾವ್ರಿ," ಎಂದರು ಡಾಕ್ಟರು. "ಹೊಟ್ಟೀದೂ ಎದ್ದೈತಿ. ಫಕೀರವ್ವಾರ, ಉಣ್ಣಾಕ ಶುರು ಮಾಡ್ರಿ, ನಿಲ್ಲಬ್ಯಾಡ್ರಿ. ಯಜಮಾನರ, ನೀವೂ."

ಉಳವಪ್ಪ ಬುಟ್ಟಿಯನ್ನು ಸಾಲಿನ ನಡುವೆಯೇ ಇಳಿಸಿ, ಹೆಂಡತಿಯ ಎದುರಿಗೆ ನೆಲಕ್ಕೆ ಕೂತ. ಫಕೀರವ್ವ ರೊಟ್ಟಿ ಮುರಿದು, ಒಂದು ಚೂರಿಗೆ ಕೆಂಪಿಂಡಿ ಹಚ್ಚಿ ಅವನ ಕೈಗಿಟ್ಟಳು. ಒಂದನ್ನು ಕೆಂಪಿಂಡಿಗೆ ಅದ್ದಿ ತನ್ನ ಬಾಯಿಗಿಟ್ಟಳು. ಅವಳು ಅಗಿದಷ್ಟೂ ಅವನ ಬಾಯಿ ಒದ್ದೆಯಾಗುತ್ತಿತ್ತು. ಅವನು ಮೆಲ್ಲಗೆ ಅಗಿದ. ರೊಟ್ಟಿ ಅವನ ಬಾಯಲ್ಲಿ ಮೆತ್ತಗಾಯಿತು, ಉಂಡೆಯಾಯಿತು. ಅವನ ಗಂಟಲಿನ ಗಂಟು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಎಲ್ಲೂ ನಿಲ್ಲಲಿಲ್ಲ.

ರೇಣವ್ವ ಸೆರಗು ಕಚ್ಚಿಕೊಂಡು ಗೋಡೆಗೆ ತಿರುಗಿದಳು.

"ಹೆಂಗೈತ್ರಿ?" ಎಂದಳು ಫಕೀರವ್ವ.

ಉಳವಪ್ಪ ಬಾಟಲಿಗೆ ಕೈ ಹಾಕಲಿಲ್ಲ. ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ಆಡಿಸಿದ.

"ಉಪ್ಪು ಕಮ್ಮಿ ಆಗೇತಿ," ಎಂದ.

"ಮಾಡಿದವರನ್ನ ಕೇಳ್ರಿ," ಎಂದಳು ಅವಳು. ಹೇಳುತ್ತಲೇ ಇನ್ನೊಂದು ಚೂರು ಮುರಿದು ಕೊಟ್ಟಳು.

ಒಂದು ರೊಟ್ಟಿ ಮುಗಿಯಿತು. ಎರಡನೆಯದು ಅರ್ಧವಾಯಿತು. ಸಾಲಿನಲ್ಲಿ ಮೊದಲು ಒಬ್ಬನ ಗಂಗಾಳ ಖಾಲಿಯಾಯಿತು, ಆಮೇಲೆ ಇನ್ನೊಬ್ಬನದು. ಯಾರೂ ಬುಟ್ಟಿ ಮುಟ್ಟಲಿಲ್ಲ. ಕೊನೆಗೆ ದ್ಯಾಮಣ್ಣನೇ ಗಂಟಲು ಸರಿಮಾಡಿಕೊಂಡ.

"ಯವ್ವಾ, ಚಲೋ ಆತು, ಬಾಳ ಚಲೋ ಆತು. ಅಲ್ಲಾ, ಈ ಕಡೆ ಯಾರರ ಒಂದೆರಡು ರೊಟ್ಟಿ..."

ಫಕೀರವ್ವನ ಒಂದು ಕೈ ನೆಲಕ್ಕೆ ಹೋಯಿತು, ಮಂಡಿ ಎದ್ದಿತು. ಎದುರಿಗೆ ಉಳವಪ್ಪನ ಅಗಿಯುತ್ತಿದ್ದ ದವಡೆ ನಿಧಾನವಾಯಿತು. ಅವಳು ಅದನ್ನು ನೋಡಿದಳು. ಮಂಡಿ ಇಳಿಸಿದಳು, ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು, ಕೆಂಪಿಂಡಿಗೆ ಕೈ ಹಾಕಿದಳು.

"ಬುಟ್ಟಿ ಅಲ್ಲೇ ನಡುವ ಐತಿ," ಎಂದಳು. "ನಾವು ಉಣ್ಣಾಕತ್ತೀವಿ. ನೀವ ಎದ್ದು ಹಾಕ್ಕೋರಿ."